ಅಂಗಡಿ ಕಾಟಾಕ್ಕೆ ಸಿಕ್ಕಾ ಬೇಕು, ಆರೋಪ ತೂಗುವ ಕಾಟಾಕ್ಕೆ ಬೇಡವೆ?

ಜೇವರ್ಗಿ: ಸಂತೆ ದಿನ ಬಜಾರಿನಲ್ಲಿ ಐದು ನಿಮಿಷ ನಿಂತು ನೋಡಿರಿ. ಬೇಳೆ ಕೊಳ್ಳಲು ಬಂದ ಮುದುಕಿ ಮೊದಲು ನೋಡುವುದು ಕಾಟಾವನ್ನು. "ಸಾವಕಾರ, ಮೊದ್ಲ ಸೊನ್ನಿ ತೋರ್ಸ್ರಿ" ಅನ್ನುತ್ತಾಳೆ. ಸಾವಕಾರ ತಟ್ಟೆ ಖಾಲಿ ಮಾಡಿ ಸೊನ್ನೆ ತೋರಿಸುತ್ತಾನೆ. ಆಮೇಲೆ ವ್ಯಾಪಾರ.

ಮುದುಕಿಗೆ ಅಕ್ಷರ ಬಾರದು. ಆದರೆ ತೂಗುವ ಮೊದಲು ತಕ್ಕಡಿಯನ್ನೇ ಪರೀಕ್ಷೆ ಮಾಡಬೇಕೆಂಬುದು ಗೊತ್ತು. ಸೊನ್ನೆ ಬಂದರಷ್ಟೇ ಸಾಲದು, ಪಕ್ಕಾ ಒಂದು ಕಿಲೋ ಕಲ್ಲು ಇಟ್ಟರೆ ಪಕ್ಕಾ ಒಂದು ಕಿಲೋ ತೋರಿಸಬೇಕು. ಓದಿದವರು ಇದಕ್ಕೇ ಕ್ಯಾಲಿಬ್ರೇಷನ್ ಅನ್ನುತ್ತಾರೆ.

ನಮ್ಮ ಅಂಗಡಿಕಾರರಿಗೆ ಇದು ಹೊಸದೇನಲ್ಲ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ ಎಲೆಕ್ಟ್ರಾನಿಕ್ ಕಾಟಾಕ್ಕೆ 12 ತಿಂಗಳಿಗೊಮ್ಮೆ, ತೂಕದ ಕಲ್ಲಿಗೆ 24 ತಿಂಗಳಿಗೊಮ್ಮೆ ಇಲಾಖೆಯ ಸಿಕ್ಕಾ ಬೀಳಬೇಕು. ತಪ್ಪಿದರೆ ದಂಡ. ಕಾಲು ಕಿಲೋ ಬೇಳೆಯಲ್ಲಿ ಹತ್ತು ಗ್ರಾಂ ಕಡಿಮೆ ಬಿದ್ದರೆ ಗಿರಾಕಿಗೆ ಹೋಗುವುದು ಒಂದೆರಡು ರೂಪಾಯಿ. ಅಷ್ಟಕ್ಕೇ ಇಷ್ಟು ಬಂದೋಬಸ್ತು. ಇರಲಿ, ಇರಬೇಕಾದದ್ದೇ.

ಆದರೆ ಸ್ವಾಮಿ, ಮನುಷ್ಯನ ಹತ್ತು ವರ್ಷವನ್ನು ತೂಗುವ ಕಾಟಾದ ಸಿಕ್ಕಾ ಯಾರು ಕೇಳುತ್ತಾರೆ?

ಗಾಂಜಾ ಕೇಸನ್ನೇ ತಗೊಳ್ಳಿ. 1985ರ ಮಾದಕ ವಸ್ತು ಕಾಯ್ದೆಯಲ್ಲಿ ಶಿಕ್ಷೆ ನಿಂತಿರುವುದು ತೂಕದ ಮೇಲೆ. ಒಂದು ಕಿಲೋವರೆಗೆ ಸಿಕ್ಕರೆ ಹೆಚ್ಚೆಂದರೆ ಒಂದು ವರ್ಷ. ಅದನ್ನು ದಾಟಿ 20 ಕಿಲೋವರೆಗೆ ಹೆಚ್ಚೆಂದರೆ ಹತ್ತು ವರ್ಷ. 20 ಕಿಲೋ ದಾಟಿತೋ, ಕಡಿಮೆಯೆಂದರೂ ಹತ್ತು, ಹೆಚ್ಚೆಂದರೆ ಇಪ್ಪತ್ತು ವರ್ಷ, ಜಾಮೀನೂ ಕಠಿಣ. 50 ಗ್ರಾಂ ಈಚೆಗೋ ಆಚೆಗೋ ಎಂಬುದರ ಮೇಲೆ ಒಂದು ಮನೆಯ ಒಲೆ ಉರಿಯುವುದೋ ಆರುವುದೋ ತೀರ್ಮಾನ. ಜಪ್ತಿ ಜಾಗಕ್ಕೆ ಹತ್ತಿರದ ಅಂಗಡಿಯ ಕಾಟಾ ತರಿಸಿ ತೂಗಿದ ಸಂಗತಿ ದೇಶದ ಕೋರ್ಟುಗಳ ಎಷ್ಟೋ ತೀರ್ಪುಗಳಲ್ಲಿದೆ. ಆ ಕಾಟಾದ ಸಿಕ್ಕಾ ಯಾವ ವರ್ಷದ್ದು? ಪಂಚನಾಮೆಯಲ್ಲಿ ಒಂದು ಸಾಲು ಬರೆದರೆ ಮುಗಿಯಿತಲ್ಲ!

ಮುಂದೆ ಮಾಲಿನ ನಮೂನೆ ಭೀಮೆ ದಾಟಿ ಕಲಬುರಗಿಯ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯಕ್ಕೋ, ಬೆಂಗಳೂರಿನ ಮಡಿವಾಳಕ್ಕೋ ಹೋಗಬೇಕು. ಇಂಥ ಪ್ರಯೋಗಾಲಯದ ಕಾಟಾ ಗ್ರಾಮಿನ ಹತ್ತು ಸಾವಿರದಲ್ಲೊಂದು ಪಾಲನ್ನೂ ತೂಗುತ್ತದೆ. ಫ್ಯಾನಿನ ಗಾಳಿ ತಾಗಿದರೂ ಅಂಕಿ ಕುಣಿಯುತ್ತದೆ. ನಮ್ಮ ಕಡೆಯ ಬಿಸಿಲಿಗೆ ಕೋಣೆ ಕಾದರೂ ಲೆಕ್ಕ ಸರಿಯುತ್ತದೆ. ಅದಕ್ಕೇ ಅದನ್ನು ಭಾರದ ಕಲ್ಲಿನ ಮೇಲೆ, ಗಾಜಿನ ಗೂಡಿನೊಳಗೆ ಇಟ್ಟು, ಪ್ರಮಾಣಿತ ತೂಕದಿಂದ ಮತ್ತೆ ಮತ್ತೆ ತಾಳೆ ನೋಡಬೇಕು. ಆ ತೂಕವನ್ನು ಅದಕ್ಕಿಂತ ಮೇಲಿನ ತೂಕದೊಂದಿಗೆ, ಅದನ್ನು ಇನ್ನೂ ಮೇಲಿನದರೊಂದಿಗೆ, ಹೀಗೆ ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರೆಗೆ ತಾಳೆ ಹಾಕಬೇಕು. ಜೇವರ್ಗಿ ಬಜಾರಿನ ಕಲ್ಲೂ ಇದೇ ಸರಪಳಿಯ ಕೊನೆಯ ಕೊಂಡಿ. ನಡುವೆ ಒಂದು ಕೊಂಡಿ ಕಳಚಿತೋ, ಕಾಗದದ ಮೇಲಿನ ಅಂಕಿಗೆ ಬೆಲೆಯಿಲ್ಲ.

ಬಸ್ಸಿನಲ್ಲಿ ಓಡಾಡುವವರು ಇದು ನಮಗಲ್ಲ ಅಂದುಕೊಳ್ಳಬೇಡಿ. ಸ್ಟೇರಿಂಗ್ ಹಿಡಿದವನು ಕುಡಿದಿದ್ದಾನೋ ಇಲ್ಲವೋ ಹೇಳುವುದೂ ಒಂದು ಯಂತ್ರವೇ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ ದಾಟಿದರೆ ಅಪರಾಧ. ಮೊದಲ ಸಲವೇ ಆರು ತಿಂಗಳವರೆಗೆ ಜೈಲು, ಹತ್ತು ಸಾವಿರ ದಂಡ, ಇಲ್ಲವೆ ಎರಡೂ. ಯಂತ್ರ ಹೆಚ್ಚು ತೋರಿಸಿದರೆ ನಿರಪರಾಧಿ ಚಾಲಕನ ಹೊಟ್ಟೆಯ ಮೇಲೆ ಹೊಡೆತ. ಕಡಿಮೆ ತೋರಿಸಿದರೆ ಹಿಂದೆ ಕೂತ ಐವತ್ತು ಮಂದಿಯ ಜೀವ.

ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಏನಾಯಿತು ಕೇಳಿ. ಉಸಿರು ಪರೀಕ್ಷೆಯ ಯಂತ್ರ ಸರಿಯಿದೆಯೇ ಎಂದು ನೋಡಲು ಮದ್ಯಸಾರ ಬೆರೆಸಿದ ನೀರನ್ನು 34 ಡಿಗ್ರಿಗೆ ಕಾಯಿಸಿ, ಅದರ ಆವಿಯನ್ನು ಯಂತ್ರಕ್ಕೆ ಕೊಡುತ್ತಾರೆ. ನೀರು ಅಷ್ಟೇ ಕಾದಿದೆಯೇ ಎಂದು ಪ್ರಮಾಣಿತ ಥರ್ಮಾಮೀಟರಿನಿಂದ ನೋಡಬೇಕು. ಅಲ್ಲಿಯ ಒಬ್ಬ ಪೊಲೀಸ್ ಅಧಿಕಾರಿ ಆ ಹಂತವನ್ನೇ ಬಿಟ್ಟು, ಮಾಡಿದ್ದೇನೆಂದು ಬರೆದದ್ದು ಹೊರಬಿತ್ತು. 2018ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ 20,667 ಉಸಿರು ಪರೀಕ್ಷೆಗಳು ಸಾಕ್ಷ್ಯಕ್ಕೆ ಬಾರವು ಎಂದಿತು. ಒಂದು ಥರ್ಮಾಮೀಟರ್, ಇಪ್ಪತ್ತು ಸಾವಿರ ಪರೀಕ್ಷೆ!

"ಇಷ್ಟೆಲ್ಲಾ ಕೇಳ್ಕೋತ ಹೋದ್ರ ಕಳ್ಳರಿಗೇ ಲಾಭ ಆಗ್ತದ" ಅನ್ನುವವರಿದ್ದಾರೆ. ಉಲ್ಟಾ ಸ್ವಾಮಿ! ಆ ಇಪ್ಪತ್ತು ಸಾವಿರದಲ್ಲಿ ನಿಜವಾಗಿ ಕುಡಿದವರು ಇರಲಿಲ್ಲವೇ? ಅವರಿಗೂ ದಾರಿ ತೆರೆದದ್ದು ಅದೇ ಥರ್ಮಾಮೀಟರ್. ಸಿಕ್ಕಾ ಸರಿಯಿದ್ದರೆ ವಕೀಲರಿಗೆ ತೂರಲು ಸಂದಿ ಎಲ್ಲಿ?

ಈಗ ಈ ಮಾತಿಗೆ ಇನ್ನೂ ತೂಕ ಬಂದಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಂತೆ, ಏಳು ವರ್ಷ ಇಲ್ಲವೆ ಹೆಚ್ಚಿನ ಶಿಕ್ಷೆಯ ಅಪರಾಧ ನಡೆದಲ್ಲಿಗೆ ವಿಧಿವಿಜ್ಞಾನ ತಜ್ಞರು ಹೋಗಲೇಬೇಕು. ಅದಕ್ಕೆ ವ್ಯವಸ್ಥೆ ಮಾಡಿಕೊಳ್ಳಲು ರಾಜ್ಯಗಳಿಗೆ ಐದು ವರ್ಷದವರೆಗೆ ಅವಕಾಶ. ಅಂದರೆ ಪ್ರಯೋಗಾಲಯಗಳಿಗೆ ಹೊರೆ ಹೆಚ್ಚುವುದು ಖಾತ್ರಿ. ಸರ್ಕಾರಿ ತಜ್ಞರ ವರದಿಯನ್ನು, ಅವರು ಕಟಕಟೆಗೆ ಬಾರದಿದ್ದರೂ ಕೋರ್ಟು ಸಾಕ್ಷ್ಯವಾಗಿ ಓದಬಹುದು, ಬೇಕೆನಿಸಿದರೆ ಕರೆಸಬಹುದು. ಮನುಷ್ಯನ ಬದಲು ಕಾಗದವೇ ಮಾತಾಡುವುದಾದರೆ ಆ ಕಾಗದ ಪೂರ್ತಿ ಮಾತಾಡಲಿ.

ಕೇಳುತ್ತಿರುವುದು ಬಹಳವೇನಲ್ಲ. ಪಂಚನಾಮೆಯಲ್ಲಿ ಕಾಟಾದ ನಂಬರು ಮತ್ತು ಸಿಕ್ಕಾದ ತಾರೀಖು ಬರಲಿ. ಉಸಿರು ಯಂತ್ರದ ಚೀಟಿಯ ಮೇಲೆ ಅದನ್ನು ಕೊನೆಗೆ ತಾಳೆ ನೋಡಿದ ದಿನ ಅಚ್ಚಾಗಲಿ. ಪ್ರಯೋಗಾಲಯದ ಪ್ರತಿ ವರದಿಯ ಕೆಳಗೆ ಯಾವ ಯಂತ್ರ, ಯಾವಾಗ ಕ್ಯಾಲಿಬ್ರೇಷನ್ ಎಂದು ಎರಡು ಸಾಲು ಇರಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆ ಬೇಡ, ಸ್ವಲ್ಪ ಶಾಯಿ ಸಾಕು.

ಬೇಳೆ ಕೊಳ್ಳುವ ಮುದುಕಿ ಸೊನ್ನೆ ತೋರಿಸಿ ಅಂದಾಗ ಒಳ್ಳೆಯ ಸಾವಕಾರ ಸಿಟ್ಟಾಗುವುದಿಲ್ಲ. ನಾಳೆ ಕಟಕಟೆಯಲ್ಲಿ ನಿಂತವನು ಅದೇ ಮಾತು ಕೇಳಿದರೆ ಸರ್ಕಾರವೂ ಸಿಟ್ಟಾಗದೆ ತೋರಿಸಬೇಕು.