ಬಣ್ಣಕ್ಕೆ ಲಕ್ಷ, ಬ್ರೇಕಿಗೆ ಭಿಕ್ಷೆ!

ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿ ಮದುವೆ ದಿಬ್ಬಣದ ಮುಂದೆ ಹಳೇ ಫಿಯಟ್ ಬಂದರೆ ಸಾಕು, ಅಂಗಡಿಯವರು ಗಿರಾಕಿಯನ್ನು ಬಿಟ್ಟು ಬಾಗಿಲಿಗೆ ಬರುತ್ತಾರೆ. ಬಸ್ಸಿಗೆ ಕಾದವರು ಬಸ್ಸನ್ನೇ ಮರೆಯುತ್ತಾರೆ. ಏನು ಬಣ್ಣ! ಏನು ಕ್ರೋಮು! ಬಂಪರ್ ನೋಡಿಕೊಂಡೇ ತಲೆ ಬಾಚಬಹುದು. ಆದರೆ ಆ ಕಾರು ಬೇಕೆಂದಾಗ ನಿಲ್ಲುತ್ತದೆಯೇ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಕೇಳಬೇಕಾದ ಪ್ರಶ್ನೆ ಅದೊಂದೇ. ಹಳೇ ಕಾರು ಕೊಂಡು ಹೊಸದು ಮಾಡುವ ಷೋಕಿ ಈಗ ಅಡಿಕೆ ಸಾಹುಕಾರರಿಂದ ಹಿಡಿದು ಕಂಪ್ಯೂಟರ್ ಕೆಲಸದ ಹುಡುಗರವರೆಗೆ ಹಬ್ಬಿದೆ. ತಪ್ಪೇನಿಲ್ಲ. ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತುಹೋಯಿತು. ಫಿಯಟ್ 1100, ಅದೇ 1974ರಲ್ಲಿ ಪ್ರೀಮಿಯರ್ ಪದ್ಮಿನಿ ಅಂತ ಹೆಸರು ಬದಲಿಸಿಕೊಂಡ ಕಾರು, ಅದಕ್ಕೂ ಮುಂಚೆಯೇ ಕಾರ್ಖಾನೆಯಿಂದ ಮರೆಯಾಯಿತು. ಉಳಿದವನ್ನು ಉಳಿಸುವುದು ಪುಣ್ಯದ ಕೆಲಸವೇ. ಆದರೆ ಖರ್ಚಿನ ಪಟ್ಟಿ ನೋಡಿ: ಪೇಂಟಿಗೆ ಇಷ್ಟು, ಸೀಟಿಗೆ ಇಷ್ಟು, ಸ್ಟೀರಿಯೋಗೆ ಇಷ್ಟು. ಬ್ರೇಕಿನ ಸರದಿ ಬರುವ ಹೊತ್ತಿಗೆ ಜೇಬು ಖಾಲಿ. "ಹಳೇದೇ ಇರ್ಲಿ ಬಿಡಿ, ಹಿಡೀತಿದೆಯಲ್ಲ!"

ಹಿಡಿಯುವವರೆಗೆ ಹಿಡಿಯುತ್ತದೆ ಸ್ವಾಮಿ. ಆ ಫಿಯಟ್ಟಿಗೆ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ನಾಲ್ಕಕ್ಕೂ ಒಂದೇ ಮಾಸ್ಟರ್ ಸಿಲಿಂಡರ್, ಒಂದೇ ಸರ್ಕ್ಯೂಟ್. ಎಲ್ಲೋ ಒಂದು ರಬ್ಬರ್ ಹೋಸ್ ಒಡೆದರೆ, ಒಂದು ವೀಲ್ ಸಿಲಿಂಡರಿನ ವಾಷರ್ ಸೋರಿದರೆ, ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೇ ಖತಂ. ಪೆಡಲ್ ತಳಕ್ಕೆ ಹೋಗುತ್ತದೆ, ಕಾರು ಮುಂದಕ್ಕೆ ಹೋಗುತ್ತದೆ. ಆಮೇಲೆ ಹ್ಯಾಂಡ್ ಬ್ರೇಕೇ ಗತಿ, ಅದೂ ಹಿಂದಿನ ಎರಡೇ ಚಕ್ರಕ್ಕೆ. ಈ ಅಪಾಯ ಗೊತ್ತಿದ್ದೇ ಅಮೆರಿಕದವರು 1968ರಿಂದ ಹೊಸ ಕಾರುಗಳಿಗೆ ಎರಡು ಸರ್ಕ್ಯೂಟಿನ ಬ್ರೇಕ್ ಕಡ್ಡಾಯ ಮಾಡಿದರು. ಒಂದು ಸೋರಿದರೂ ಇನ್ನೊಂದು ಉಳಿಯುತ್ತದೆ ಎಂಬುದು ಲೆಕ್ಕ.

ಇನ್ನು ಕೆಲವರಿಗೆ ಬ್ರೇಕಿನ ಚಿಂತೆ ಇದೆ. ಅವರಿಗೆ ಗ್ಯಾರೇಜಿನಲ್ಲಿ ಸಿಗುವ ಸಲಹೆ ಒಂದೇ: "ಮುಂದಕ್ಕೆ ಡಿಸ್ಕ್ ಹಾಕ್ಸಿಬಿಡಿ ಸಾರ್, ಗುಜರಿಯಲ್ಲಿ ಮಾರುತಿದು ಸಿಗುತ್ತೆ." ಡಿಸ್ಕ್ ಒಳ್ಳೆಯದೇ. ಡ್ರಮ್ಮಿನಷ್ಟು ಬೇಗ ಕಾದು ಕೈಕೊಡುವುದಿಲ್ಲ, ನೀರು ಬಿದ್ದರೂ ಬೇಗ ಒಣಗುತ್ತದೆ. ಆದರೆ ಅರ್ಧ ಕೆಲಸ ಮಾಡಿದರೆ ಹಳೇ ಡ್ರಮ್ಮೇ ವಾಸಿ.

ಹೇಗೆಂದರೆ, ಡ್ರಮ್ಮಿನಲ್ಲಿ ತಿರುಗುವ ಚಕ್ರವೇ ಶೂವನ್ನು ಎಳೆದು ಒತ್ತಿಕೊಂಡು ಕಾಲಿಗೆ ನೆರವಾಗುತ್ತದೆ. ಡಿಸ್ಕಿಗೆ ಆ ಗುಣವಿಲ್ಲ. ಹೆಚ್ಚು ಒತ್ತಡ ಬೇಕು, ಅದಕ್ಕೇ ಸರ್ವೋ ಬೇಕು. ಡ್ರಮ್ಮಿನ ಮಾಸ್ಟರ್ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ವಾಲ್ವ್ ಇರುತ್ತದೆ. ಪೆಡಲ್ ಬಿಟ್ಟ ಮೇಲೂ ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸುವುದು ಅದರ ಕೆಲಸ. ಡ್ರಮ್ಮಿಗೆ ಅದು ಬೇಕು, ಡಿಸ್ಕಿಗೆ ಅದೇ ಕಂಟಕ. ಪ್ಯಾಡು ಬಿಡದೆ ಉಜ್ಜುತ್ತಾ ಕೆಂಡದಂತೆ ಕಾಯುತ್ತದೆ. ಮುಂದಿನ ಮತ್ತು ಹಿಂದಿನ ಬ್ರೇಕಿನ ಹೊಂದಾಣಿಕೆ ತಪ್ಪಿ ಹಿಂದಿನ ಚಕ್ರ ಮೊದಲು ಕಚ್ಚಿದರೆ ಕಾರಿನ ಬಾಲವೇ ಮುಂದೆ ಬರುತ್ತದೆ. ಎಲ್ಲಕ್ಕಿಂತ ಭಯ, ಡಿಸ್ಕಿನ ಕ್ಯಾಲಿಪರ್ ಕೂರಿಸಲು ಗುಜರಿ ಪ್ಲೇಟ್ ಕತ್ತರಿಸಿ ವೆಲ್ಡ್ ಮಾಡಿದ ಬ್ರಾಕೆಟ್. ಸುಮಾರು 900 ಕಿಲೋ ಕಾರನ್ನು ನಿಲ್ಲಿಸುವ ಭಾರವೆಲ್ಲ ಆ ಎರಡು ಬೋಲ್ಟಿನ ಮೇಲೆ!

"ಡಿಸ್ಕ್ ಹಾಕಿದ್ರೆ ಒರಿಜಿನಾಲಿಟಿ ಹೋಯ್ತು" ಎನ್ನುವ ಮಡಿವಂತರೂ ಇದ್ದಾರೆ. ಅವರಿಗೆ ಒಂದು ಸಮಾಚಾರ: ಇಟಲಿಯ ಫಿಯಟ್ ಕಂಪನಿಯೇ 1966ರ 1100 ಆರ್ ಮಾದರಿಯಲ್ಲಿ ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕಿತ್ತು. ಹೆತ್ತ ತಾಯಿಗೇ ಇಲ್ಲದ ಮಡಿ ಸಾಕಿದವರಿಗೇಕೆ? 50 ವರ್ಷ ದಾಟಿದ ಕಾರುಗಳಿಗೆ 2021ರಲ್ಲಿ ಬಂದ ವಿಂಟೇಜ್ ನಿಯಮವೂ ಚಾಸಿ, ಬಾಡಿ, ಎಂಜಿನ್ ಹೆಸರು ಹಿಡಿದು ಬದಲಾಯಿಸಬಾರದು ಅಂತ ಹೇಳುತ್ತದೆ. ಹಾಗಂತ ಮನಸ್ಸಿಗೆ ಬಂದದ್ದು ಮಾಡಲು ಬಾರದು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮಾರ್ಪಾಡಿಗೆ ಕಟ್ಟುಪಾಡು ಇದ್ದೇ ಇದೆ. ಕೈಹಾಕುವ ಮುಂಚೆ ಆರ್.ಟಿ.ಒ. ಬಾಗಿಲು ತಟ್ಟಿ ಕೇಳುವುದು ಲೇಸು.

ನಿಜ ಹೇಳಬೇಕೆಂದರೆ ಎಲ್ಲ ಕಾರಿಗೂ ಡಿಸ್ಕ್ ಬೇಕಿಲ್ಲ. ಊರೊಳಗೆ ನಿಧಾನವಾಗಿ ಮೆರವಣಿಗೆ ಹೋಗುವ ಕಾರಿಗೆ ಡ್ರಮ್ಮೇ ಸಾಕು. ಆದರೆ ಹೋಸ್, ವೀಲ್ ಸಿಲಿಂಡರ್, ಶೂ ಎಲ್ಲ ಹೊಸದಾಗಿರಬೇಕು. ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಮಾತ್ರ ಎಲ್ಲರಿಗೂ ಬೇಕು. ಹೊರಗಿನಿಂದ ನೋಡಿದರೆ ಅದು ಕಾಣುವುದೂ ಇಲ್ಲ. ಹಳೇದನ್ನು ತೆಗೆದು ಡಬ್ಬಿಯಲ್ಲಿಟ್ಟರೆ ಒರಿಜಿನಾಲಿಟಿಯೂ ಉಳಿಯುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ಆಯಿಲ್ 205 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಲೆಕ್ಕ. ತೇವ ಹೀರಿದ ಮೇಲೆ ಆ ಲೆಕ್ಕ 140ಕ್ಕೆ ಇಳಿಯುತ್ತದೆ. ಮಲೆನಾಡಿನ ಮಳೆಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸದಿದ್ದರೆ ಹೇಗೆ? ಇನ್ನೊಂದು ಮಾತು: ಹಳೇ ಶೂವಿನ ಧೂಳಿನಲ್ಲಿ ಕಲ್ನಾರು ಇರಬಹುದು. ಕಂಪ್ರೆಸರ್ ಗಾಳಿ ಹೊಡೆದು ಅದನ್ನು ಹಾರಿಸಿದರೆ ಕೆಡುವುದು ಗ್ಯಾರೇಜ್ ಹುಡುಗನ ಶ್ವಾಸಕೋಶ.

ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುವ ಆಸೆ ಇದ್ದವರ ಮಾತೇ ಬೇರೆ. 14 ತಿರುವಿನ ಆ ಇಳಿಜಾರಿನಲ್ಲಿ ಕಾಲು ಪೆಡಲಿನ ಮೇಲೇ ಇರುತ್ತದೆ. ಡ್ರಮ್ ಕಾದು ಹಿಗ್ಗುತ್ತದೆ, ಆಯಿಲ್ ಕುದಿಯುತ್ತದೆ, ಪೆಡಲ್ ಸ್ಪಂಜಿನಂತಾಗುತ್ತದೆ. ಇಂಥವರು ಮುಂದಕ್ಕೆ ಡಿಸ್ಕ್ ಹಾಕಿಸಲಿ, ಸರ್ವೋ ಸಮೇತ ಪೂರ್ತಿಯಾಗಿ ಹಾಕಿಸಲಿ. ಆಮೇಲೆ ಪೆಟ್ರೋಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡುವ ಚಾಳಿ ಬಿಡಲಿ. ಎಂಜಿನ್ ನಿಂತರೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಸರ್ವೋ ಶಕ್ತಿ ಮುಗಿಯುತ್ತದೆ, ಪೆಡಲ್ ಕಲ್ಲಾಗುತ್ತದೆ.

ಕಾರು ಯಾರದ್ದೋ, ಷೋಕಿ ಯಾರದ್ದೋ. ಆದರೆ ರಸ್ತೆ ಎಲ್ಲರದು. ಬ್ರೇಕ್ ಕೈಕೊಟ್ಟ ದಿನ ಎದುರಿಗಿರುವುದು ಬಸ್ ಸ್ಟಾಪಿನ ಸಾಲು, ತರಕಾರಿ ಗಾಡಿ, ಶಾಲೆ ಬಿಟ್ಟ ಮಕ್ಕಳು. ಹಳೇ ಕಾರುಗಳ ರ‍್ಯಾಲಿ ನಡೆಸುವವರು ಬಣ್ಣ ನೋಡಿ ಬಹುಮಾನ ಕೊಡುವ ಮುಂಚೆ ಪ್ರತಿ ಕಾರನ್ನೂ ಮೈದಾನದಲ್ಲಿ ಒಮ್ಮೆ ಓಡಿಸಿ ನಿಲ್ಲಿಸಿ ನೋಡಲಿ. ಮದುವೆಗೆ ಬಾಡಿಗೆ ಹಿಡಿಯುವ ಬೀಗರು ಹೂವಿನ ಹಾರದ ಮಾತಾಡುವ ಮೊದಲು ಬ್ರೇಕ್ ಯಾವಾಗ ಮಾಡಿಸಿದ್ದು ಅಂತ ಕೇಳಲಿ. ಕೇಳಲು ಕಾಸು ಬೇಕಿಲ್ಲ.

ಓಡದ ಕಾರು ಶೆಡ್ಡಿನಲ್ಲಿರುತ್ತದೆ. ನಿಲ್ಲದ ಕಾರು ಯಾರದೋ ಅಂಗಡಿಯೊಳಗಿರುತ್ತದೆ!