ಬೇಗ ಎಂ.ಎಸ್ಸಿ.: ಉಳಿಯುವ ವರ್ಷ ಯಾರದು?

ಎಂ.ಎಸ್ಸಿ. ಈಗ ಒಂದೇ ವರ್ಷವಂತೆ ಎಂದು ಖುಷಿಪಡುವ ಮೊದಲು ಬೆರಳು ಮಡಚಿ ಎಣಿಸಿ ನೋಡಿ. ಮೂರು ವರ್ಷದ ಬಿ.ಎಸ್ಸಿ., ಎರಡು ವರ್ಷದ ಎಂ.ಎಸ್ಸಿ.: ಐದು. ನಾಲ್ಕು ವರ್ಷದ ಆನರ್ಸ್, ಮೇಲೊಂದು ವರ್ಷ: ಅದೂ ಐದೇ! ಉಳಿದದ್ದೇನು?

2021-22ರಲ್ಲಿ ತಂದ ಆನರ್ಸನ್ನು ನಮ್ಮ ಸರಕಾರ 2024ರ ಮೇ ತಿಂಗಳಲ್ಲಿ ಕೈಬಿಟ್ಟು ಮೂರು ವರ್ಷಕ್ಕೇ ಮರಳಿತು. ಯುಜಿಸಿ ಹೇಳುವ ಒಂದು ವರ್ಷದ ಸ್ನಾತಕೋತ್ತರ ನಾಲ್ಕು ವರ್ಷ ಓದಿದವರಿಗೆ ಮಾತ್ರ. ನಿಜವಾಗಿ ವರ್ಷ ಉಳಿಯುವುದು ಇಂಜಿನಿಯರಿಂಗಿನಲ್ಲಿ: ಬಿ.ಇ., ಎಂ.ಟೆಕ್. ಸೇರಿ ಆರು ವರ್ಷ, ಐಐಟಿಯ ಡ್ಯುಯಲ್ ಡಿಗ್ರಿಯಲ್ಲಿ ಐದು. ಅದಕ್ಕೆ ಜೆಇಇ ದಾಟಬೇಕಲ್ಲ, ಆ ಮಾತು ಬೇರೆ.

ಲಕ್ಷ್ಮೇಶ್ವರದಲ್ಲೋ ಶಿರಹಟ್ಟಿಯಲ್ಲೋ ಮೂರು ವರ್ಷದ ಬಿ.ಎಸ್ಸಿ. ಓದುವ ಮಗಳನ್ನು ‘ಒಂದೇ ವರ್ಷ’ ಎಂದು ಧಾರವಾಡಕ್ಕೆ ಕಳಿಸಿ, ನಡುವೆ ಓದು ಬಿಡಿಸುವ ಹಾಗಾಗಬಾರದು. ಹಾಸ್ಟೆಲ್ ಖರ್ಚು ಎರಡು ವರ್ಷಕ್ಕೇ ಲೆಕ್ಕ ಹಾಕಿಡಿ.