ಹಸಿರು ನೀರಿಗೆ ಮೈಲುತುತ್ತು ಮದ್ದಲ್ಲ

ಬೇಸಿಗೆ ಬಂತೆಂದರೆ ಕೆರೆ, ಕೃಷಿಹೊಂಡಗಳ ನೀರು ಹಸಿರಾಗುತ್ತದೆ. ‘ನೀರು ಕೆಟ್ಟಿತು ಮಾರಾಯ್ರೆ’ ಅನ್ನುತ್ತೇವೆ. ಬೋರ್ಡೋ ದ್ರಾವಣಕ್ಕೆ ತಂದು ಉಳಿದ ಮೈಲುತುತ್ತು ಮನೆಯಲ್ಲಿ ಇದ್ದೇ ಇರುತ್ತದೆ. ಗೋಣಿಯಲ್ಲಿ ಕಟ್ಟಿ ನೀರಿಗೆ ಇಳಿಬಿಟ್ಟರೆ ನಾಲ್ಕು ದಿನದಲ್ಲಿ ತಿಳಿ. ಈ ಅಭ್ಯಾಸ ಬಿಡಬೇಕು ಎಂಬುದು ನನ್ನ ವಾದ.

ಆ ಹಸಿರು ಕೊಳೆಯಲ್ಲ. ಬರಿಗಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಣ್ಣ ತೇಲುಸಸ್ಯಗಳು. ಪುಸ್ತಕದಲ್ಲಿ ಇವಕ್ಕೆ ಸಸ್ಯ ಪ್ಲವಕ ಎಂದು ಹೆಸರು. ಗುಡ್ಡದಲ್ಲಿ ಹುಲ್ಲು ಹೇಗೋ ನೀರಲ್ಲಿ ಇವು ಹಾಗೆ. ಬಿಸಿಲಿನಿಂದ ಆಹಾರ ಮಾಡಿಕೊಳ್ಳುತ್ತವೆ, ಹಗಲಿಡೀ ನೀರಿಗೆ ಆಮ್ಲಜನಕ ಬಿಡುತ್ತವೆ. ಇವನ್ನು ಸೂಕ್ಷ್ಮಜೀವಿಗಳು ತಿನ್ನುತ್ತವೆ, ಅವನ್ನು ಕಾಟ್ಲಾ ಮೀನು ತಿನ್ನುತ್ತದೆ. ಬೆಳ್ಳಿಗೆಂಡೆ ಇವನ್ನೇ ನೇರವಾಗಿ ಸೋಸಿ ತಿನ್ನುತ್ತದೆ. ನಮ್ಮ ಬೂತಾಯಿ ಕೊಬ್ಬುವುದೂ ಕಡಲಿನ ಪ್ಲವಕ ತಿಂದೇ. ಭೂಮಿಯಲ್ಲಿ ಬಿಸಿಲಿನಿಂದ ತಯಾರಾಗುವ ಒಟ್ಟು ಆಹಾರದಲ್ಲಿ ಹೆಚ್ಚುಕಮ್ಮಿ ಅರ್ಧ ಸಮುದ್ರದ ಈ ಪ್ಲವಕಗಳದ್ದು! ಮೀನು ಸಾಕುವವರು ಹೊಂಡಕ್ಕೆ ಸೆಗಣಿ ಹಾಕುವುದು ಮುಖ್ಯವಾಗಿ ಈ ಬೆಳೆಗಾಗಿ.

ಅತಿಯಾದರೆ ತೊಂದರೆ ಇದೆ, ಒಪ್ಪೋಣ. ರಾತ್ರಿ ಇವೂ ಉಸಿರಾಡುತ್ತವೆ. ಬೆಳಗ್ಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಆಮ್ಲಜನಕ ಸಾಲುತ್ತಿಲ್ಲ ಎಂದರ್ಥ. ನೀಲಿ-ಹಸಿರು ಪಾಚಿಗಳಲ್ಲಿ ಕೆಲವು ವಿಷ. ಆಸ್ಟ್ರೇಲಿಯದ ಸರೋವರವೊಂದರ ಇಂಥ ನೀರು ಕುಡಿದು ಜಾನುವಾರು ಸತ್ತದ್ದು 1878ರಲ್ಲೇ ವರದಿಯಾಗಿದೆ. ಪೈಂಟ್ ಚೆಲ್ಲಿದ ಹಾಗೆ ಕೆನೆಗಟ್ಟಿದ ನೀರನ್ನು ದನಗಳಿಗೆ ಕುಡಿಸಬೇಡಿ.

ಹಾಗಂತ ಮೈಲುತುತ್ತು ಹಾಕಿದರೆ? ಒಮ್ಮೆಲೇ ಸತ್ತ ಪಾಚಿ ಕೊಳೆಯುವಾಗ ಇದ್ದ ಆಮ್ಲಜನಕವೂ ಖರ್ಚು. ವಿಷದ ಜಾತಿಯಾದರೆ ಒಳಗಿನ ವಿಷ ನೀರಿಗೇ ಬಿಡುಗಡೆ. ಸುಣ್ಣದಂಶ ಕಡಿಮೆ ಇರುವ ನಮ್ಮ ಮೆದು ನೀರಲ್ಲಿ ತಾಮ್ರ ಮೀನಿಗೆ ಇನ್ನಷ್ಟು ಅಪಾಯ. ಆ ತಾಮ್ರ ಎಲ್ಲಿಗೂ ಹೋಗದು, ತಳದ ಕೆಸರಲ್ಲಿ ಕೂರುತ್ತದೆ. ಇಷ್ಟಾದರೂ ನೀರು ಮತ್ತೆ ಹಸಿರಾಗುತ್ತದೆ, ಯಾಕೆಂದರೆ ಪಾಚಿಯ ಊಟ ನಿಂತಿಲ್ಲ.

ಊಟ ಬಡಿಸುವವರು ನಾವೇ. ಹಟ್ಟಿ ತೊಳೆದ ನೀರು, ತುಂಬಿ ಹರಿದ ಸ್ಲರಿ, ಮಳೆಗೆ ಮುಂಚೆ ಎರಚಿ ಕೊಚ್ಚಿಹೋದ ಗೊಬ್ಬರ - ಇವುಗಳ ಸಾರಜನಕ, ರಂಜಕ ಕೆರೆ ಸೇರುತ್ತದೆ. 2016ರ ಮಾರ್ಚಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದಾಗ ಪೇಟೆಯವರ ಕೊಳಚೆಯನ್ನು ಬೈದೆವು. ನಮ್ಮ ಹಟ್ಟಿಯ ಚರಂಡಿ ಎಲ್ಲಿಗೆ ಹೋಗುತ್ತದೆ ಎಂದೂ ನೋಡಬೇಕಲ್ಲ?

ಕೈಯನ್ನು ಮೊಣಕೈವರೆಗೆ ನೇರ ನೀರಿಗೆ ಇಳಿಸಿ. ಅಂಗೈ ಮಸುಕಾಗಿ ಕಂಡರೆ ಹಸಿರು ಹದವಾಗಿದೆ. ಅದಕ್ಕೂ ಮೊದಲೇ ಮರೆಯಾದರೆ ಅತಿಯಾಗಿದೆ. ಸೆಗಣಿ, ಗೊಬ್ಬರ ನಿಲ್ಲಿಸಿ. ಹಟ್ಟಿ ನೀರನ್ನು ತೆಂಗಿನ ಬುಡಕ್ಕೋ ಹುಲ್ಲಿಗೋ ತಿರುಗಿಸಿ. ಕೆರೆಯ ದಂಡೆಯಲ್ಲಿ ಹುಲ್ಲಿನ ಪಟ್ಟಿ ಉಳಿಸಿ. ಡ್ರಿಪ್ ಕಟ್ಟುವುದು ನಿಮ್ಮ ತಕರಾರಾದರೆ ಮರಳಿನ ಫಿಲ್ಟರ್ ಹಾಕಿ, ಫುಟ್‌ವಾಲ್ವನ್ನು ಮೇಲ್ಪದರದಿಂದ ಕೆಳಗಿಳಿಸಿ.

ಸ್ವಂತ ಹೊಂಡದಲ್ಲಿ ಮಾಡಿದ್ದು ನಮಗೇ ತಟ್ಟುತ್ತದೆ. ಊರ ಕೆರೆ ಹಾಗಲ್ಲ. ಅದಕ್ಕೆ ಮೈಲುತುತ್ತು ಸುರಿಯುವ ಮಾತು ಬಂದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಬೇಡ ಅನ್ನಿ. ಮೊದಲು ಚರಂಡಿ ತಿರುಗಿಸಲಿ.